ಉಪ್ಪು ತಿಂದವರು ಯಾರು, ನೀರು ಕುಡಿಯುವವರು ಯಾರು?

ನಮ್ಮ ಕೋಲಾರ ಜಿಲ್ಲೆಗೂ ಬೆಂಗಳೂರು ನಗರಕ್ಕೂ ನಡುವೆ ಪ್ರತಿನಿತ್ಯ ಒಂದು ವಿಚಿತ್ರ ವಿನಿಮಯ ನಡೆಯುತ್ತಿದೆ. ಬಂಗಾರಪೇಟೆ, ಟೇಕಲ್, ಮಾಲೂರು ನಿಲ್ದಾಣಗಳಲ್ಲಿ ಹೊತ್ತು ಮೂಡುವ ಮೊದಲೇ ರೈಲು ಹತ್ತಿ ನಮ್ಮ ಜನ ವೈಟ್‌ಫೀಲ್ಡಿನ ಕಡೆಗೆ ದುಡಿಯಲು ಹೋಗುತ್ತಾರೆ. ಅದೇ ದಿಕ್ಕಿನಿಂದ ಬೆಂಗಳೂರಿನ ಬಚ್ಚಲ ನೀರು ಅರೆಬರೆ ಶುದ್ಧಿಯಾಗಿ, ಕೊಳವೆಯಲ್ಲಿ ಹರಿದು ನಮ್ಮ ಕೆರೆಗಳಿಗೆ ಬರುತ್ತದೆ. ನಾವು ಕಳುಹಿಸುವುದು ಬೆವರು. ನಮಗೆ ಹಿಂದಿರುಗಿ ಬರುವುದು ಬಳಸಿ ಬಿಟ್ಟ ನೀರು. ಈ ವಿನಿಮಯದ ದರವನ್ನು ಗೊತ್ತುಮಾಡಿದವರು ಯಾರು ಎಂದು ಯಾರೂ ನಮ್ಮನ್ನು ಕೇಳಲಿಲ್ಲ.

ನೀರು ಬಂದುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು 2018ರ ಜೂನ್ ತಿಂಗಳಲ್ಲಿ ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂದಾಗ, ವರ್ಷಗಟ್ಟಲೆ ಒಣಗಿ ಬಿರುಕುಬಿಟ್ಟಿದ್ದ ಕೆರೆಯಂಗಳ ನೋಡಿದ್ದ ರೈತರು ಕೈಮುಗಿದರು. ದಿನಕ್ಕೆ 44 ಕೋಟಿ ಲೀಟರ್ ನೀರು ಕೊಡುವ ಉದ್ದೇಶದ ಈ ಯೋಜನೆಯಿಂದ ನೂರಕ್ಕೂ ಹೆಚ್ಚು ಕೆರೆಗಳಿಗೆ ನೀರು ಸೇರುವಂತಾಯಿತು, ಸುತ್ತಲಿನ ಬಾವಿಗಳಲ್ಲಿ ಅಂತರ್ಜಲ ಮೇಲೆ ಬಂದಿತು. ಇದನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ಮರು ತಿಂಗಳೇ, ಅಂದರೆ 2018ರ ಜುಲೈನಲ್ಲಿ, ಅದೇ ಕೆರೆಯಲ್ಲಿ ನೊರೆ ಎದ್ದಿತು. ನೀರು ಬಿಡುವುದನ್ನು ನಿಲ್ಲಿಸಬೇಕಾಯಿತು. ವ್ಯಾಜ್ಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅಂದು ಎದ್ದ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಬರುತ್ತಿರುವುದು ಎರಡನೆಯ ಹಂತದ ಶುದ್ಧಿಯಾದ ನೀರು. ಎರಡನೆಯ ಹಂತವೆಂದರೆ ಕೊಳೆಯುವ ಪದಾರ್ಥವನ್ನು ಸೂಕ್ಷ್ಮಜೀವಿಗಳ ಕೈಯಲ್ಲಿ ತಿನ್ನಿಸಿ ತೆಗೆಯುವುದು. ಕಾರ್ಖಾನೆಯಿಂದ ಬರುವ ಲೋಹವನ್ನಾಗಲಿ, ಕರಗಿದ ಉಪ್ಪನ್ನಾಗಲಿ ತೆಗೆಯುವುದು ಆ ಹಂತದ ಕೆಲಸವಲ್ಲ. ಅದಕ್ಕೆ ಮೂರನೆಯ ಹಂತ ಬೇಕು. ಮೂರನೆಯ ಹಂತಕ್ಕೆ ಹಣ ಬೇಕು, ವಿದ್ಯೆ ಬೇಕು, ಸಂಶೋಧನೆ ಬೇಕು.

ಈ ವಾರ ನಾವು ಚರ್ಚೆಗೆ ತರಬಯಸುವುದು ಈ ಕೊನೆಯ ಮಾತನ್ನು. ಬಳಸಿದ ನೀರನ್ನು ಮತ್ತೆ ಬಳಸುವ ವಿದ್ಯೆಗಾಗಿ ಸಾರ್ವಜನಿಕರ ಹಣ ಖರ್ಚಾಗಬೇಕೆ? ಆಗಬೇಕಾದರೆ ಯಾರ ನೀರಿನ ಮೇಲೆ? ಅದರ ಫಲ ಯಾರಿಗೆ?

ಅಮೆರಿಕದ ಉಪ್ಪುನೀರು

ಮೊದಲು ಹೊರಗಿನ ಪ್ರಪಂಚದ ಒಂದು ಉದಾಹರಣೆಯನ್ನು ನೋಡೋಣ. ಅಮೆರಿಕದ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೊ ಪ್ರಾಂತಗಳಲ್ಲಿ ನೆಲ ಕೊರೆದು ತೈಲ ಮತ್ತು ಅನಿಲ ತೆಗೆಯುತ್ತಾರೆ. ಅಲ್ಲಿ ಒಂದು ಪೀಪಾಯಿ ತೈಲದ ಜೊತೆಗೆ ಮೂರು ನಾಲ್ಕು ಪೀಪಾಯಿ ನೀರೂ ಮೇಲೆ ಬರುತ್ತದೆ. ಅದು ನೆಲದಾಳದ ನೀರು. ಸಮುದ್ರದ ನೀರಿಗಿಂತ ಎರಡು ಮೂರು ಪಟ್ಟು ಉಪ್ಪು. ಅದರಲ್ಲಿ ತೈಲದ ಅಂಶವೂ ಇದೆ, ಕೊರೆಯಲು ಬಳಸಿದ ರಾಸಾಯನಿಕವೂ ಇದೆ. ಕಂಪನಿಗಳು ಅದನ್ನು ಮತ್ತೆ ಭೂಮಿಯ ಆಳಕ್ಕೇ ತುರುಕುತ್ತ ಬಂದವು. ಹಾಗೆ ತುರುಕಿದ ಕಡೆ ಭೂಮಿ ನಡುಗಿತು. ಓಕ್ಲಹೋಮಾ ಪ್ರಾಂತದಲ್ಲಿ ಭೂಕಂಪಗಳು ಹೆಚ್ಚಿದ್ದಕ್ಕೆ ಇದೇ ಕಾರಣವೆಂದು ಭೂವಿಜ್ಞಾನಿಗಳು ತೋರಿಸಿದರು.

ಆಮೇಲೆ ಅಲ್ಲಿಯ ಸರ್ಕಾರಗಳು ಎಚ್ಚೆತ್ತವು. 2019ರಲ್ಲಿ ನ್ಯೂ ಮೆಕ್ಸಿಕೊ ಒಂದು ಕಾನೂನು ಮಾಡಿ, ಅಲ್ಲಿಯ ಸರ್ಕಾರಿ ವಿಶ್ವವಿದ್ಯಾನಿಲಯದ ಜೊತೆಗೂಡಿ ಈ ನೀರಿನ ಮರುಬಳಕೆಗಾಗಿ ಒಂದು ಸಂಶೋಧನಾ ಕೂಟವನ್ನು ಕಟ್ಟಿತು. ಅದೇ ವರ್ಷ ಅಮೆರಿಕದ ಕೇಂದ್ರ ಇಂಧನ ಇಲಾಖೆ ಉಪ್ಪುನೀರನ್ನು ಸಿಹಿ ಮಾಡುವ ಸಂಶೋಧನಾ ಕೇಂದ್ರವೊಂದಕ್ಕೆ ಐದು ವರ್ಷಕ್ಕೆ 10 ಕೋಟಿ ಡಾಲರ್ ಗೊತ್ತುಮಾಡಿತು. ಬಂಡವಾಳಶಾಹಿಯ ತವರುಮನೆಯಲ್ಲಿಯೂ ಇಂಥ ಕೆಲಸಕ್ಕೆ ಜನರ ತೆರಿಗೆಯ ಹಣವೇ ಮುಂದೆ ಬರಬೇಕಾಯಿತು ಎಂಬುದನ್ನು, ಎಲ್ಲವನ್ನೂ ಖಾಸಗಿಯವರಿಗೆ ಬಿಡಿ ಎಂದು ನಮಗೆ ಉಪದೇಶ ಮಾಡುವವರು ಗಮನಿಸಬೇಕು.

ಆದರೆ ಅಲ್ಲಿಯೂ ಒಂದು ಕೊಂಕು ಇದೆ. ತೈಲದ ಲಾಭ ಕಂಪನಿಗೆ; ತೈಲದ ಜೊತೆ ಬಂದ ಕೊಳಕನ್ನು ತೊಳೆಯುವ ವಿದ್ಯೆಯ ಖರ್ಚು ಜನರಿಗೆ. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ವ್ಯವಸ್ಥೆಯಲ್ಲಿ ಉಪ್ಪು ತಿಂದವರು ಒಬ್ಬರು, ನೀರು ಕುಡಿಯಬೇಕಾದವರು ಇನ್ನೊಬ್ಬರು.

ನಮ್ಮ ಜಿಲ್ಲೆಗೆ ಇದು ಹೊಸ ಪಾಠವೇನಲ್ಲ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ನೂರಕ್ಕೂ ಹೆಚ್ಚು ವರ್ಷ ಭೂಮಿಯ ಹೊಟ್ಟೆಯಿಂದ ತೆಗೆದ ಚಿನ್ನ ಎಲ್ಲೆಲ್ಲಿಗೋ ಹೋಯಿತು. ಸೈನೈಡ್ ದಿಬ್ಬಗಳು ಮಾತ್ರ ಅಲ್ಲಿಯೇ ಉಳಿದಿವೆ. ಗಾಳಿ ಬೀಸಿದಾಗ ಆ ಧೂಳು ಬೀಳುವುದು ಕಾರ್ಮಿಕರ ಕೇರಿಯ ಮೇಲೆ.

ಪೀಣ್ಯದ ಹಳದಿ ನೀರು

ಕರ್ನಾಟಕದಲ್ಲಿ ತೈಲದ ಬಾವಿಗಳಿಲ್ಲ. ಆದರೆ ಕೊರೆದ ನೀರಿನ ಕಷ್ಟಕ್ಕೆ ಸಮನಾದ ಕಷ್ಟ ನಮ್ಮ ರಾಜಧಾನಿಯ ಹೊರವಲಯದಲ್ಲಿಯೇ ಇದೆ. ಅದರ ಹೆಸರು ಪೀಣ್ಯ.

ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಲೋಹಕ್ಕೆ ಮೆರುಗು ಕೊಡುವ ಪ್ಲೇಟಿಂಗ್ ಅಂಗಡಿಗಳು ಅವುಗಳಲ್ಲಿ ಒಂದು ಮುಖ್ಯ ಬಗೆ. ಬೈಸಿಕಲ್ಲಿನ ಹಿಡಿಕೆಯಿಂದ ಹಿಡಿದು ಮೋಟಾರು ಗಾಡಿಯ ಬಿಡಿಭಾಗದವರೆಗೆ ಹೊಳೆಯುವ ವಸ್ತು ಯಾವುದನ್ನು ನೋಡಿದರೂ ಅದು ಕ್ರೋಮಿಯಂ ತೊಟ್ಟಿಯಲ್ಲಿ ಮಿಂದು ಬಂದಿರುವುದೇ ಹೆಚ್ಚು. ಲೇಪನವಾದ ಮೇಲೆ ವಸ್ತುವನ್ನು ನೀರಿನಲ್ಲಿ ಜಾಲಿಸುತ್ತಾರೆ. ಆ ಜಾಲಿಸಿದ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷ ಇರುತ್ತದೆ. ಅದು ಹೆಚ್ಚಾದರೆ ನೀರು ಹಳದಿಗೆ ತಿರುಗುತ್ತದೆ. ಚರ್ಮಕ್ಕೆ ತಾಗಿದರೆ ಹುಣ್ಣು. ಅದರ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರು. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಪೀಣ್ಯದ ಕೊಳವೆಬಾವಿಗಳಲ್ಲಿ ಈ ಮಿತಿಯನ್ನು ಮೀರಿದ ಕ್ರೋಮಿಯಂ ಇರುವುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ. ದೇಶದ ತೀವ್ರ ಮಲಿನ ಕೈಗಾರಿಕಾ ಪ್ರದೇಶಗಳ ಪಟ್ಟಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಪೀಣ್ಯದ ಹೆಸರನ್ನು ಬರೆದಿದೆ.

ಪೀಣ್ಯದ ನೀರು ಪೀಣ್ಯದಲ್ಲಿಯೇ ನಿಲ್ಲುವುದಿಲ್ಲ. ವೃಷಭಾವತಿಗೆ ಇಳಿದು, ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಸೇರಿ, ಅಲ್ಲಿಂದ ಅರ್ಕಾವತಿಗೆ, ಅರ್ಕಾವತಿಯಿಂದ ಕಾವೇರಿಗೆ ಹೋಗುತ್ತದೆ. ಬೆಂಗಳೂರಿನ ಈಚೆಯ ಮಗ್ಗುಲಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಗೆ ಸೇರಿ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆಯಾಗಿ ಏಳುತ್ತದೆ. ಬೆಳ್ಳಂದೂರಿನ ಕೆರೆಗೆ 2015ರಲ್ಲಿ, 2017ರಲ್ಲಿ, ಮತ್ತೆ 2018ರಲ್ಲಿ ಬೆಂಕಿ ಹತ್ತಿದ್ದನ್ನು ಪ್ರಪಂಚವೆಲ್ಲ ನೋಡಿತು. ನೀರಿಗೆ ಬೆಂಕಿ ಬಿದ್ದರೆ ಆರಿಸಲು ಏನು ತರಬೇಕು? ಆ ವರ್ಷದ ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿತು. ಸರ್ಕಾರ ಕಟ್ಟುವ ದಂಡವೆಂದರೆ ನಾವು ನೀವು ಕಟ್ಟುವ ದಂಡ. ಅಲ್ಲಿಯೂ ಉಪ್ಪು ತಿಂದವರ ಕೈ ತೊಳೆದು ಒಣಗಿಯೇ ಇತ್ತು.

ಸಣ್ಣ ಮಾಲೀಕ, ದೊಡ್ಡ ಗಿರಾಕಿ

ಇದಕ್ಕೆಲ್ಲ ಪ್ಲೇಟಿಂಗ್ ಅಂಗಡಿಯ ಸಣ್ಣ ಮಾಲೀಕನೇ ಕಾರಣನೆಂದು ಬೆರಳು ತೋರಿಸಿ ಸುಮ್ಮನಾಗುವುದು ಸುಲಭ. ಕಳ್ಳತನದಿಂದ ಮಳೆನೀರಿನ ಚರಂಡಿಗೆ ವಿಷ ಬಿಡುವವನನ್ನು ನಾವು ಸಮರ್ಥಿಸುವುದಿಲ್ಲ. ಅವನ ಮೇಲೆ ಕಾನೂನು ನಡೆಯಲಿ. ಆದರೆ ಲೆಕ್ಕವನ್ನು ಪೂರ್ತಿ ನೋಡಬೇಕು. ಹತ್ತು ಜನರ ಆ ಅಂಗಡಿ ಲೇಪನ ಮಾಡುವುದು ದೊಡ್ಡ ಕಂಪನಿಯ ಮಾಲಿಗೆ. ದೊಡ್ಡ ಕಂಪನಿ ತೂಕಕ್ಕೋ ಬಿಡಿಗೋ ದರ ಕಟ್ಟುತ್ತದೆ. ಆ ದರದಲ್ಲಿ ವಿದ್ಯುತ್ತಿನ ಬೆಲೆ ಇದೆ, ಲೋಹದ ಬೆಲೆ ಇದೆ, ಹೇಗೋ ಕೂಲಿಯೂ ಇದೆ. ನೀರನ್ನು ತೊಳೆಯುವ ಬೆಲೆ ಇಲ್ಲ. ಮೆರುಗು ದೊಡ್ಡ ಕಂಪನಿಯ ಷೋರೂಮಿಗೆ ಹೋಗುತ್ತದೆ. ವಿಷ ಸಣ್ಣ ಅಂಗಡಿಯ ಹಿತ್ತಿಲಲ್ಲಿ ಉಳಿಯುತ್ತದೆ. ಆ ಹಿತ್ತಿಲ ಬಾವಿಯ ನೀರು ಕಾರ್ಮಿಕನ ಮನೆಗೆ ಹೋಗುತ್ತದೆ.

ತೊಳೆಯುವ ಮಾರ್ಗ ಗೊತ್ತಿಲ್ಲವೆ? ಅರ್ಧ ಗೊತ್ತಿದೆ. ಆ ನೀರನ್ನು ಆಮ್ಲೀಯ ಮಾಡಿ, ಕಬ್ಬಿಣದ ಸಲ್ಫೇಟನ್ನೋ ಬೈಸಲ್ಫೈಟನ್ನೋ ಹಾಕಿದರೆ ಕ್ರೋಮಿಯಂ ತನ್ನ ಉಗ್ರರೂಪವನ್ನು ಬಿಡುತ್ತದೆ. ಮೇಲೆ ಸುಣ್ಣ ಹಾಕಿದರೆ ಕೆಸರಾಗಿ ತಳಕ್ಕೆ ಕೂರುತ್ತದೆ. ಆ ಕೆಸರನ್ನು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೆ ಸಾಗಿಸಬೇಕು. ಜಾಲಿಸಲು ಒಂದೇ ತೊಟ್ಟಿ ಇಡುವ ಬದಲು ಮೂರು ತೊಟ್ಟಿ ಸಾಲಾಗಿ ಇಟ್ಟು, ವಸ್ತು ಮುಂದಕ್ಕೂ ನೀರು ಹಿಂದಕ್ಕೂ ಹೋಗುವಂತೆ ಮಾಡಿದರೆ, ಹತ್ತು ಕೊಡ ಹಿಡಿಯುತ್ತಿದ್ದ ಕಡೆ ಒಂದು ಕೊಡವೂ ಬೇಕಾಗದಷ್ಟು ಉಳಿತಾಯವಾಗುತ್ತದೆ. ಇದಕ್ಕೆ ವಿದೇಶದ ಯಂತ್ರ ಬೇಡ. ಮೂರು ಪ್ಲಾಸ್ಟಿಕ್ ತೊಟ್ಟಿ ಸಾಕು. ಹೇಳಿಕೊಡುವವರು ಬೇಕು.

ಇನ್ನರ್ಧವೇ ಕಷ್ಟ. ಲೋಹ ಹೋದ ಮೇಲೂ ಉಪ್ಪು ಉಳಿಯುತ್ತದೆ. ಮನೆಮನೆಯಲ್ಲಿ ಈಗ ಕಾಣುವ ಆರ್‌ಒ ಯಂತ್ರದಂತಹುದನ್ನೇ ದೊಡ್ಡದು ಮಾಡಿ ಹಾಕಿದರೆ ಒಂದು ಕಡೆ ಸಿಹಿನೀರು ಬರುತ್ತದೆ, ಇನ್ನೊಂದು ಕಡೆ ಗಟ್ಟಿ ಉಪ್ಪುನೀರು ಬರುತ್ತದೆ. ಆ ಗಟ್ಟಿ ಉಪ್ಪುನೀರನ್ನು ಎಲ್ಲಿ ಚೆಲ್ಲುವುದು? ಕುದಿಸಿ ಆವಿ ಮಾಡಿ ಎನ್ನುತ್ತಾರೆ. ಒಂದು ಸಾವಿರ ಲೀಟರ್ ನೀರನ್ನು ನೇರವಾಗಿ ಕುದಿಸಿ ಆವಿ ಮಾಡಲು 600 ಯೂನಿಟ್ ವಿದ್ಯುತ್ತಿಗೂ ಮೇಲ್ಪಟ್ಟ ಶಾಖ ಬೇಕು. ಆವಿಯ ಶಾಖವನ್ನು ಹಿಡಿದು ಮತ್ತೆ ಮತ್ತೆ ಬಳಸುವ ಯಂತ್ರಗಳು ಈ ಖರ್ಚನ್ನು ಇಳಿಸುತ್ತವೆ. ಆದರೆ ಆ ಯಂತ್ರದ ಬೆಲೆ ಕೇಳಿದರೆ ಸಣ್ಣ ಮಾಲೀಕನ ಎದೆ ಒಡೆಯುತ್ತದೆ. ಕೊನೆಗೆ ತಳದಲ್ಲಿ ಉಳಿಯುವ ಉಪ್ಪಿನ ಗುಡ್ಡೆಯನ್ನು ಏನು ಮಾಡುವುದೆಂಬುದಕ್ಕೆ ಅಗ್ಗದ ಉತ್ತರವಿಲ್ಲ.

ಅಮೆರಿಕದ ತೈಲಬಾವಿಯ ನೀರಿಗೂ ಪೀಣ್ಯದ ಪ್ಲೇಟಿಂಗ್ ಅಂಗಡಿಯ ನೀರಿಗೂ ನೆಂಟಸ್ತನ ಇಲ್ಲಿದೆ. ಎರಡು ಕಡೆಯೂ ಪ್ರಶ್ನೆ ಒಂದೇ: ಗಟ್ಟಿ ಉಪ್ಪುನೀರಿನಿಂದ ಕಡಮೆ ಶಾಖದಲ್ಲಿ, ಕಡಮೆ ಖರ್ಚಿನಲ್ಲಿ ನೀರನ್ನು ಬೇರ್ಪಡಿಸುವುದು ಹೇಗೆ? ಅಲ್ಲಿ ಅದಕ್ಕೆ ಸಾರ್ವಜನಿಕ ಹಣದ ಪ್ರಯೋಗಶಾಲೆಗಳು ಕೆಲಸ ಮಾಡುತ್ತಿವೆ. ಇಲ್ಲಿ ನಾವು ಆ ಕೆಲಸವನ್ನು ಮಾಡದೆ ಕುಳಿತರೆ, ನಾಳೆ ಅವರು ಕಂಡುಹಿಡಿದ ಯಂತ್ರವನ್ನು ಅವರು ಹೇಳಿದ ಬೆಲೆಗೆ ಕೊಳ್ಳಬೇಕಾಗುತ್ತದೆ.

ತಿರುಪ್ಪೂರಿನ ಎಚ್ಚರಿಕೆ

ಸಂಶೋಧನೆ ವಿದ್ವಾಂಸರ ಮಾತು, ನಮಗೇನು ಸಂಬಂಧ ಎಂದು ಗಿರಣಿಯ ಬಂಧುಗಳು ಕೇಳಬಹುದು. ತಿರುಪ್ಪೂರಿನ ಕಾರ್ಮಿಕರನ್ನು ಕೇಳಿ.

ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ನೊಯ್ಯಲ್ ನದಿಗೆ ವರ್ಷಗಟ್ಟಲೆ ಉಪ್ಪುನೀರನ್ನು ಬಿಟ್ಟವು. ಕೆಳಗಿನ ರೈತರ ಹೊಲ ಹಾಳಾಯಿತು. ರೈತರು ನ್ಯಾಯಾಲಯಕ್ಕೆ ಹೋದರು. ಅವರ ಕಡೆ ನ್ಯಾಯವಿತ್ತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು 700ಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಲು, ವಿದ್ಯುತ್ ಕಡಿಯಲು ಆಜ್ಞೆ ಮಾಡಿತು. ಬೀಗ ಬಿದ್ದ ದಿನ ಬೀದಿಗೆ ಬಂದವನು ಯಾರು? ದಿನಗೂಲಿಯ ಕಾರ್ಮಿಕ. ಅವನ ಹಿಂದೆಯೇ ಅವನಿಗೆ ಸಾಲ ಕೊಡುತ್ತಿದ್ದ ಕಿರಾಣಿ ಅಂಗಡಿಯವನು, ಅವನಿಗೆ ಊಟ ಹಾಕುತ್ತಿದ್ದ ಸಣ್ಣ ಹೋಟೆಲಿನವನು. ಹಲವರು ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಆಮೇಲೆ ರಾಜ್ಯ ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಅರುಳ್‌ಪುರದ ಸಾಮೂಹಿಕ ಶುದ್ಧೀಕರಣ ಘಟಕದಲ್ಲಿ ಉಪ್ಪುನೀರನ್ನೇ ಶುದ್ಧಿ ಮಾಡಿ ಮತ್ತೆ ಬಣ್ಣ ಹಾಕಲು ಬಳಸುವ ಉಪಾಯವನ್ನು ಮಾಡಿ ತೋರಿಸಿದರು. ಬಣ್ಣ ಹಿಡಿಸಲು ಹೇಗೂ ಉಪ್ಪು ಬೇಕು. ಅದನ್ನು ಆವಿ ಮಾಡಿ ಗುಡ್ಡೆ ಹಾಕುವ ಬದಲು ಮತ್ತೆ ತೊಟ್ಟಿಗೇ ಹಾಕಿದರು. ಎಷ್ಟು ಸರಳವಾದ ವಿಚಾರ! ಆ ವಿಚಾರ ಹತ್ತು ವರ್ಷ ಮೊದಲೇ ಕೈಗೂಡಿದ್ದರೆ ರೈತನ ಹೊಲವೂ ಉಳಿಯುತ್ತಿತ್ತು, ಕಾರ್ಮಿಕನ ಅನ್ನವೂ ಉಳಿಯುತ್ತಿತ್ತು.

ನಮ್ಮಲ್ಲಿಯೂ ಆ ದಿನ ದೂರವಿಲ್ಲ. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಕಾರ್ಖಾನೆಗಳಿಗೂ ತೀರ್ಪು ಕೊಟ್ಟಿದೆ: ಕೆಲಸ ಮಾಡುವ ಶುದ್ಧೀಕರಣ ಘಟಕವಿಲ್ಲದವರಿಗೆ ವಿದ್ಯುತ್ ಕಡಿಯಬೇಕು, ಸಾಮೂಹಿಕ ಘಟಕಗಳನ್ನು ಮೂರು ವರ್ಷದೊಳಗೆ ಕಟ್ಟಬೇಕು. ತೀರ್ಪು ಸರಿ. ಆದರೆ ಅದನ್ನು ನಡೆಸಿಕೊಡುವ ವಿದ್ಯೆಯನ್ನೂ ಹಣವನ್ನೂ ಸರ್ಕಾರ ಒದಗಿಸದಿದ್ದರೆ, ಪೀಣ್ಯ, ಜಿಗಣಿ, ಬೊಮ್ಮಸಂದ್ರ ಯಾವುದಾದರೂ ಒಂದು ಬೆಳಿಗ್ಗೆ ತಿರುಪ್ಪೂರು ಆಗುತ್ತದೆ. ನಮ್ಮ ನರಸಾಪುರ, ವೇಮಗಲ್‌ಗಳಲ್ಲಿ ಎದ್ದಿರುವ ಹೊಸ ಕಾರ್ಖಾನೆಗಳೂ ಇದರಿಂದ ಹೊರಗಿಲ್ಲ.

ಒಂದು ಲಕ್ಷ ಕೋಟಿಯಲ್ಲಿ ನಮಗೆಷ್ಟು?

ಹಣವಿಲ್ಲ ಎನ್ನುವ ಮಾತನ್ನು ನಾವು ನಂಬುವುದಿಲ್ಲ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ರಾಷ್ಟ್ರೀಯ ಉತ್ಪನ್ನದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿಗೂ ಕಡಮೆ; 2020–21ರ ಲೆಕ್ಕದಲ್ಲಿ 0.64. ಇದನ್ನು ಹೆಚ್ಚಿಸುವೆವೆಂದು 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾನೂನು ಬಂತು. ಐದು ವರ್ಷಕ್ಕೆ 50,000 ಕೋಟಿ ಎಂದರು. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ, ಕೈಗಾರಿಕೆ ಮತ್ತು ದಾನಿಗಳಿಂದ ಬರಬೇಕಂತೆ. ಬಳಿಕ 2025ರ ಜುಲೈ 1ರಂದು ಕೇಂದ್ರ ಸಚಿವ ಸಂಪುಟ ಒಂದು ಲಕ್ಷ ಕೋಟಿ ರೂಪಾಯಿಗಳ ಇನ್ನೊಂದು ಸಂಶೋಧನಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದು ಖಾಸಗಿ ಉದ್ಯಮಗಳಿಗೆ ಕಡಮೆ ಬಡ್ಡಿಗೋ ಬಡ್ಡಿಯಿಲ್ಲದೆಯೋ ದೀರ್ಘಕಾಲದ ಸಾಲ ಕೊಡುವ ಯೋಜನೆ.

ಸಾಲ ತೀರಿಸುವ ಶಕ್ತಿ ಇರುವವನಿಗೆ ಸಾಲ ಸಿಗುತ್ತದೆ. ಲಾಭ ಬರುವ ಸರಕಿನ ಮೇಲೆ ಸಂಶೋಧನೆ ನಡೆಯುತ್ತದೆ. ಪೀಣ್ಯದ ಬಾವಿಯಿಂದ ಕ್ರೋಮಿಯಂ ತೆಗೆದರೆ ಯಾವ ಕಂಪನಿಗೆ ಲಾಭ? ಲಕ್ಷ್ಮೀಸಾಗರದ ಕೆರೆಯ ಹೂಳಿನಲ್ಲಿ ಯಾವ ಲೋಹ ಎಷ್ಟಿದೆ ಎಂದು ವರ್ಷ ವರ್ಷ ಅಳೆದರೆ ಯಾರ ಷೇರಿನ ಬೆಲೆ ಏರುತ್ತದೆ? ಲಾಭವಿಲ್ಲದ ಕೆಲಸವೆಂದೇ ಇದನ್ನು ಸಾರ್ವಜನಿಕ ಹಣದಿಂದ ಮಾಡಬೇಕು. ಅನುದಾನವಾಗಿ ಮಾಡಬೇಕು, ಸಾಲವಾಗಿ ಅಲ್ಲ.

ಕೊಳೆ ಮಾಡಿದವನೇ ಖರ್ಚು ಕೊಡಲಿ, ನಮ್ಮ ತೆರಿಗೆ ಏಕೆ ಎಂದು ಕೆಲವು ಸಂಗಾತಿಗಳು ವಾದಿಸುತ್ತಾರೆ. ಅರ್ಧ ಒಪ್ಪುತ್ತೇವೆ. ತೊಳೆಯುವ ಖರ್ಚನ್ನು ಕೊಳೆ ಮಾಡಿದವನೇ ಕೊಡಲಿ. ಅವನಿಗೆ ಮಾಲು ಮಾಡಿಸುವ ದೊಡ್ಡ ಗಿರಾಕಿಯೂ ಕೊಡಲಿ. ಆದರೆ ತೊಳೆಯುವ ವಿದ್ಯೆಯನ್ನು ಕಂಡುಹಿಡಿಯುವ ಕೆಲಸವನ್ನು ಅವನ ಕೈಗೆ ಕೊಡಬಾರದು. ಕೊಟ್ಟರೆ ಅವನು ಆ ವಿದ್ಯೆಗೂ ಬೀಗ ಹಾಕುತ್ತಾನೆ.

ಇದು ಕೇವಲ ಅನುಮಾನವಲ್ಲ. ನೂರು ವರ್ಷದ ಹಿಂದೆಯೇ ನಡೆದಿದೆ. ಇಂದು ಪ್ರಪಂಚದ ನಗರಗಳು ಕೊಚ್ಚೆಯನ್ನು ಶುದ್ಧಿ ಮಾಡುವ ಮುಖ್ಯ ವಿಧಾನ, ಗಾಳಿ ಊದಿ ಸೂಕ್ಷ್ಮಜೀವಿಗಳ ಕೆಸರನ್ನು ಬೆಳೆಸುವ ವಿಧಾನ, ಹೊರಬಂದದ್ದು 1914ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಸಭೆಯ ಕೊಚ್ಚೆ ಕೇಂದ್ರದಲ್ಲಿ. ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಅದನ್ನು ಮಾಡಿ ತೋರಿಸಿದರು. ಅವರಿಗೆ ದಾರಿ ತೋರಿಸಿದವರು ಗಿಲ್ಬರ್ಟ್ ಫೌಲರ್. ಖರ್ಚು ನಗರಸಭೆಯದು, ಎಂದರೆ ಊರಿನ ಜನರದು. ಆದರೆ ಒಂದು ಖಾಸಗಿ ಕಂಪನಿ ಅದರ ಪೇಟೆಂಟುಗಳನ್ನು ಕೈಗೆ ಹಾಕಿಕೊಂಡಿತು. ಅಮೆರಿಕದ ಮಿಲ್ವಾಕಿ ನಗರ ತನ್ನ ಜನರ ಕೊಚ್ಚೆಯನ್ನು ಈ ವಿಧಾನದಿಂದ ತೊಳೆದದ್ದಕ್ಕಾಗಿ ಆ ಪೇಟೆಂಟಿನವರು ನ್ಯಾಯಾಲಯಕ್ಕೆ ಎಳೆದರು. 1934ರಲ್ಲಿ ನಗರವೇ ಸೋತಿತು. ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ ಎಂದು ನಮ್ಮಲ್ಲಿ ಗಾದೆ ಇದೆ. ಇದು ಚರಂಡಿಯ ನೀರಿಗೂ ದೊಣ್ಣೆನಾಯಕ ಬಂದ ಕಥೆ.

ಆ ಫೌಲರ್ ಮಹಾಶಯರು 1916ರಲ್ಲಿ ಬಂದು ಪ್ರಾಧ್ಯಾಪಕರಾದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಎಂಬುದು ಎಷ್ಟು ಜನಕ್ಕೆ ಗೊತ್ತು? ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಜನ ಕರೆಯುವ ಆ ಮಂದಿರಕ್ಕೆ 371 ಎಕರೆ ಭೂಮಿ ಕೊಟ್ಟದ್ದು ಮೈಸೂರು ಸಂಸ್ಥಾನ. ಕೊಚ್ಚೆ ನೀರಿನ ವಿದ್ಯೆಯ ಪಿತಾಮಹರಲ್ಲಿ ಒಬ್ಬರು ನೂರು ವರ್ಷದ ಹಿಂದೆ ಪಾಠ ಹೇಳಿದ ಮಂದಿರಕ್ಕೂ ಪೀಣ್ಯದ ಬಾವಿಗಳಿಗೂ ನಡುವೆ ಇರುವುದು ಕೆಲವೇ ಮೈಲಿ ದೂರ. ಮಂದಿರದ ವಿದ್ವಾಂಸರು ದುಡಿದಿಲ್ಲವೆಂದು ನಾವು ಹೇಳುವುದಿಲ್ಲ. ನಮ್ಮ ಕೆರೆಗಳಿಗೆ ಬರುವ ನೀರನ್ನೂ ಅವರು ಪರೀಕ್ಷೆ ಮಾಡಿದ್ದಾರೆ. ಆದರೆ ಆ ವಿದ್ಯೆ ಪ್ಲೇಟಿಂಗ್ ಅಂಗಡಿಯ ತೊಟ್ಟಿಯವರೆಗೆ ನಡೆದುಹೋಗಲು ದಾರಿ ಹಾಕುವುದು ಸರ್ಕಾರದ ಕೆಲಸ. ಆ ದಾರಿ ಇನ್ನೂ ಬಿದ್ದಿಲ್ಲ.

ಮಾಡಿದರೆ ಆಗುತ್ತದೆ

ಆಗದ ಮಾತನ್ನು ನಾವು ಕೇಳುತ್ತಿಲ್ಲ. ಯಲಹಂಕದಲ್ಲಿ ಜಲಮಂಡಳಿ ನಡೆಸುವ ಮೂರನೆಯ ಹಂತದ ಘಟಕವಿದೆ. ದಿನಕ್ಕೆ ಒಂದು ಕೋಟಿ ಲೀಟರ್ ಅದರ ಶಕ್ತಿ. ಅದರ ನೀರನ್ನು ವಿಮಾನ ನಿಲ್ದಾಣಕ್ಕೂ ರೈಲ್ವೆ ಗಾಲಿ ಕಾರ್ಖಾನೆಗೂ ಕೊಟ್ಟಿದ್ದಾರೆ. ಕಬ್ಬನ್ ಪಾರ್ಕಿನ ಗಿಡಗಳಿಗೆ ಹಾಕಲೆಂದು ಅಲ್ಲಿಯೇ ಒಂದು ಚಿಕ್ಕ ಘಟಕ ಕಟ್ಟಿದರು. ವಿಮಾನ ನಿಲ್ದಾಣಕ್ಕೆ, ಹೂದೋಟಕ್ಕೆ ಮೂರನೆಯ ಹಂತದ ನೀರು. ಕೋಲಾರದ ರೈತನ ಕೆರೆಗೆ ಎರಡನೆಯ ಹಂತದ ನೀರು. ಈ ತಾರತಮ್ಯವನ್ನು ಯಾವ ವಿಜ್ಞಾನವೂ ಹೇಳಿಕೊಟ್ಟಿಲ್ಲ. ಇದು ವರ್ಗಭೇದವಲ್ಲದೆ ಮತ್ತೇನು?

ಹೊಸ ನೀರು ತರುವ ಖರ್ಚನ್ನೂ ಜೊತೆಗಿಟ್ಟು ನೋಡಬೇಕು. ಬೆಂಗಳೂರಿಗೆ ಕಾವೇರಿಯ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಹತ್ತಿ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಸೇರಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಗೊತ್ತಾಯಿತು. ಕಾವೇರಿಯಲ್ಲಿ ನಮಗಿರುವ ಪಾಲನ್ನು 2018ರಲ್ಲಿ ಸುಪ್ರೀಂ ಕೋರ್ಟು ಗೊತ್ತುಮಾಡಿ ಆಗಿದೆ. ಆ ಗಂಟು ಬೆಳೆಯುವುದಿಲ್ಲ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಏನಾಯಿತು? ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಬೇಕಾಯಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ವೈಟ್‌ಫೀಲ್ಡಿನ ಎತ್ತರದ ಕಟ್ಟಡದವರು ಟ್ಯಾಂಕರ್ ತರಿಸಿಕೊಂಡರು. ಎರಡು ಕೋಣೆಯ ಸಾಲುಮನೆಯಲ್ಲಿ ಆರು ಜನ ಬಾಡಿಗೆಗಿರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೊಡ ಹಿಡಿದು ನಿಂತರು. ಟೀ ಅಂಗಡಿಯವನು ಕ್ಯಾನ್ ನೀರಿಗೆ ಹಣ ಸುರಿದು, ಟೀ ಬೆಲೆ ಏರಿಸಲಾರದೆ ನಷ್ಟ ನುಂಗಿದನು.

ಪೀಣ್ಯದಲ್ಲಿ ಬಳಸಿದ ನೀರನ್ನು ಪೀಣ್ಯದಲ್ಲಿಯೇ ಮತ್ತೆ ಬಳಸುವಂತಾದರೆ, ಅಷ್ಟು ಕಾವೇರಿ ನೀರು ಈ ಕೊಡಗಳಿಗೆ ಉಳಿಯುತ್ತದೆ. ಸಂಶೋಧನೆಗೂ ಕೊಡಕ್ಕೂ ಇರುವ ಸಂಬಂಧ ಇದು.

ಸರ್ಕಾರದ ಮುಂದೆ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇವೆ:

1. ಕೇಂದ್ರದ ಒಂದು ಲಕ್ಷ ಕೋಟಿಯ ಯೋಜನೆಯಲ್ಲಿ ಕೈಗಾರಿಕಾ ಪ್ರದೇಶಗಳ ಬಳಸಿದ ನೀರಿಗಾಗಿ ಒಂದು ಭಾಗವನ್ನು ಬೇರೆ ತೆಗೆದಿಡಬೇಕು. ಅದು ಸಾರ್ವಜನಿಕ ವಿದ್ಯಾಸಂಸ್ಥೆಗಳಿಗೆ ಅನುದಾನವಾಗಿ ಹೋಗಬೇಕು.

2. ಪೀಣ್ಯ, ಬೊಮ್ಮಸಂದ್ರ–ಜಿಗಣಿ, ವೈಟ್‌ಫೀಲ್ಡ್, ನರಸಾಪುರಗಳಲ್ಲಿ ಒಂದೊಂದು ಸಾರ್ವಜನಿಕ ನೀರಿನ ಪ್ರಯೋಗಶಾಲೆ ಬರಬೇಕು. ಸಣ್ಣ ಮಾಲೀಕ ತನ್ನ ನೀರನ್ನು ಒಂದು ಸೀಸೆಯಲ್ಲಿ ತಂದು ಕೊಟ್ಟರೆ, ಹೆದರಿಸದೆ, ಏನು ಮಾಡಬೇಕೆಂದು ಅಲ್ಲಿ ಹೇಳಿಕೊಡಬೇಕು. ಸರ್ಕಾರಿ ಪಾಲಿಟೆಕ್ನಿಕ್‌ನ ಮಕ್ಕಳಿಗೆ ಅಲ್ಲಿ ಕೆಲಸ ಕಲಿಸಬೇಕು.

3. ಜನರ ಹಣದಿಂದ ಕಂಡುಹಿಡಿದ ವಿಧಾನವನ್ನು ಸಣ್ಣ ಕೈಗಾರಿಕೆ, ಪಂಚಾಯಿತಿ, ಪುರಸಭೆಗಳು ಬಿಡಿಗಾಸು ಕೊಡದೆ ಬಳಸುವಂತಿರಬೇಕು. ಅದರ ವಿವರ ಕನ್ನಡದಲ್ಲಿ ಅಚ್ಚಾಗಬೇಕು.

4. ಸಣ್ಣ ಅಂಗಡಿಗಳಿಂದ ಮಾಲು ಮಾಡಿಸಿಕೊಳ್ಳುವ ದೊಡ್ಡ ಕಂಪನಿಗಳಿಂದ ನೀರಿನ ಶುದ್ಧಿಗಾಗಿ ವಂತಿಗೆ ವಸೂಲಾಗಬೇಕು. ಮಾಲಿನ್ಯದ ಕಾರಣದಿಂದ ಕಾರ್ಖಾನೆ ಮುಚ್ಚಿಸಿದರೆ, ಮುಚ್ಚಿದ ಅವಧಿಯ ಕೂಲಿ ಕಾರ್ಮಿಕನಿಗೆ ಸಲ್ಲಬೇಕು.

5. ನಮ್ಮ ಕೆರೆಗಳಿಗೆ ಬರುವ ನೀರಿಗೆ ಮೂರನೆಯ ಹಂತದ ಶುದ್ಧಿ ಆಗಬೇಕು. ಅಲ್ಲಿಯವರೆಗೆ ಪ್ರತಿ ಕೆರೆಯ ನೀರು, ಹೂಳು, ಪಕ್ಕದ ಬಾವಿಯ ಪರೀಕ್ಷೆಯ ಫಲವನ್ನು ತಿಂಗಳಿಗೊಮ್ಮೆ ಕೆರೆಯ ಏರಿಯ ಮೇಲೆ, ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು.

6. ಶುದ್ಧೀಕರಣದ ತೊಟ್ಟಿಗೆ ಮನುಷ್ಯನನ್ನು ಇಳಿಸುವುದು ನಿಲ್ಲಬೇಕು. 2013ರ ಕಾನೂನು ಇದ್ದರೂ ವಿಷಾನಿಲಕ್ಕೆ ಸಿಕ್ಕಿ ಬಡವರ ಮಕ್ಕಳು ಸಾಯುತ್ತಿದ್ದಾರೆ. ಮನುಷ್ಯ ಇಳಿಯಬೇಕಾದ ಯಂತ್ರಕ್ಕೆ ಸಾರ್ವಜನಿಕ ಹಣದ ಒಂದು ಕಾಸೂ ಹೋಗಕೂಡದು.

ಕೊನೆಗೆ ಒಂದು ಎಚ್ಚರಿಕೆ. ಸಂಶೋಧನೆ ನಡೆಯುತ್ತಿದೆ ಎಂಬುದು ಕೈಕಟ್ಟಿ ಕೂರಲು ನೆಪವಾಗಬಾರದು. ಇಂದು ಗೊತ್ತಿರುವ ಸುಣ್ಣವನ್ನು ಇಂದೇ ಹಾಕಲಿ; ಮೂರು ತೊಟ್ಟಿಯನ್ನು ಇಂದೇ ಇಡಲಿ. ಗೊತ್ತಿಲ್ಲದ ಉಪ್ಪಿನ ಗಂಟನ್ನು ಬಿಡಿಸಲು ವಿದ್ವಾಂಸರು ಕೂರಲಿ.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ, ಇದು ವಿಜ್ಞಾನಿಗಳು ಮತ್ತು ಅಧಿಕಾರಿಗಳು ತಮ್ಮ ತಮ್ಮಲ್ಲೇ ಮುಗಿಸಿಕೊಳ್ಳುವ ಮಾತಲ್ಲ. ಮುಂದಿನ ಸಂಘದ ಸಭೆಯಲ್ಲಿ ಬೋನಸ್ಸಿನ ಜೊತೆಗೆ ನೀರನ್ನೂ ಚರ್ಚೆಗೆ ಇಡಿ. ನಿಮ್ಮ ಕಾರ್ಖಾನೆಯ ನೀರು ಎಲ್ಲಿಗೆ ಹೋಗುತ್ತದೆಂದು ಮಾಲೀಕನನ್ನು ಕೇಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಕೆರೆಯ ಪರೀಕ್ಷೆಯ ಕಾಗದ ಎಲ್ಲಿ ಎಂದು ಕೇಳಿ. ಮತ ಕೇಳಲು ಬಂದವರನ್ನು, ಒಂದು ಲಕ್ಷ ಕೋಟಿಯಲ್ಲಿ ನಮ್ಮ ಬಾವಿಗೆ ಬಂದದ್ದೆಷ್ಟು ಎಂದು ಕೇಳಿ.

ಬೆಳಗಿನ ರೈಲಿನಲ್ಲಿ ಬೆವರು ಹೊತ್ತು ಹೋಗುವವರು ನಾವು. ಹಿಂದಿರುಗಿ ಬರುವ ನೀರು ಶುದ್ಧವಾಗಿರಲಿ ಎಂದು ಕೇಳುವುದು ಭಿಕ್ಷೆಯಲ್ಲ. ಅದು ನಮ್ಮ ಬಾಕಿ.